ನೀರು ಕಾಯಿಸಲು ಎದ್ದವರು

ಮಾರ್ಚ್ ೧೬, ಮಂಗಳವಾರ

ಬೆಳಿಗ್ಗೆ ಎಲ್ಬಿಯಾಳ ಜಿರೇನಿಯಂ ಕುಂಡಗಳಿಗೆ ನೀರು ಹಾಕಿ ಬಂದೆ. ಆರು ಕುಂಡ, ಎರಡು ಚೊಂಬು. ಕಳೆದ ಅಕ್ಟೋಬರಿನಲ್ಲಿ ಅಕ್ಕನ ಊರಾದ ಆರ್ತೀಗಸ್‌ಗೆ ಬಸ್ಸು ಹತ್ತುವಾಗ ಬೀಗದ ಕೈಯನ್ನು ನನ್ನ ಜೇಬಿಗೆ ತುರುಕಿ, "ಮೂರು ವಾರ ಕಣೋ. ಅಕ್ಕ ಎದ್ದು ಓಡಾಡೋ ಹಾಗಾದ್ರೆ ಸಾಕು, ಬಂದ್ಬಿಡ್ತೀನಿ" ಎಂದಿದ್ದಳು. ಅಕ್ಕ ಇನ್ನೂ ಎದ್ದಿಲ್ಲ. ಪಾರ್ಶ್ವವಾಯು ಹೊಡೆದವರು ನಾವು ಹೇಳಿದ ವಾರಕ್ಕೆ ಏಳುವುದಿಲ್ಲ.

ಅವಳದು ಇಪ್ಪತ್ತೇಳನೆಯ ಮನೆ, ನನ್ನದು ಇಪ್ಪತ್ತಾರು. ನಡುವಿನ ಗೋಡೆಯನ್ನು ಇಪ್ಪತ್ತೆರಡು ವರ್ಷದ ಹಿಂದೆ ನಾವಿಬ್ಬರೇ ಕಟ್ಟಿದ್ದು. ಅವಳು ಇಟ್ಟಿಗೆ ಕೊಟ್ಟಳು, ನಾನು ಇಟ್ಟೆ. ಆಗ ಯಾವ ಮನೆ ಯಾರಿಗೆಂದು ಗೊತ್ತಿರಲಿಲ್ಲ. ಐವತ್ತನಾಲ್ಕು ಸಂಸಾರಗಳೂ ಸೇರಿ ಐವತ್ತನಾಲ್ಕು ಮನೆ ಕಟ್ಟಿ, ಕೊನೆಯಲ್ಲಿ ಚೀಟಿ ಎತ್ತಿದೆವು. ನಮ್ಮಿಬ್ಬರಿಗೂ ನಾವೇ ಕಟ್ಟಿದ ಸೊಟ್ಟ ಗೋಡೆಯ ಆಚೀಚಿನ ಮನೆಗಳೇ ಬಂದವು. "ಅನುಭವಿಸು" ಎಂದು ನಕ್ಕಿದ್ದಳು.

ಸಂಜೆ ನಮ್ಮ ವಸತಿ ಸಹಕಾರ ಸಂಘದ ಆಡಳಿತ ಮಂಡಳಿಯಿಂದ ಕರೆ. ಸೋಂಕು ಏರುತ್ತಿದೆ, ಸಭಾಮಂದಿರಕ್ಕೆ ಬೀಗ. ಇನ್ನು ಮೇಲೆ ಸರ್ವಸದಸ್ಯರ ಸಭೆ ಫೋನಿನ ಮೇಲೆ ನಡೆಯಬೇಕು, ಮತವೂ ಅಲ್ಲೇ ಬೀಳಬೇಕು. ಹಳೆಯ ಸಭಾನಿಯಮಗಳನ್ನು ಅದಕ್ಕೆ ಹೊಂದಿಸಲು ಮೂರು ಜನರ ಕಾರ್ಯಗುಂಪು. ನಾನು, ಯಾನಿನಾ, ಎಬೆರ್. ನನ್ನನ್ನು ಏಕೆ ಹಾಕಿದರೆಂದು ಕೇಳಬೇಕಾಗಿಲ್ಲ. ಮೂವತ್ತು ವರ್ಷ ಸಂಸತ್ತಿನಲ್ಲಿ ಶೀಘ್ರಲಿಪಿಕಾರನಾಗಿದ್ದೆ. ಈಗ ಸಂಘದ ಕಾರ್ಯದರ್ಶಿ; ಇಲ್ಲಿ ನನ್ನ ಅಡ್ಡಹೆಸರೇ ಪಾರ್ಲಿಮೆಂಟು. ಮಾತಾಡಿದವರಿಗಿಂತ ಬರೆದುಕೊಂಡವನಿಗೆ ನಿಯಮ ಚೆನ್ನಾಗಿ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಗೊತ್ತಿರುತ್ತದೆ ಕೂಡ.

ಈ ಪುಸ್ತಕದಲ್ಲಿ ಶೀಘ್ರಲಿಪಿ ಬಳಸುವುದಿಲ್ಲ. ಇಲ್ಲಿ ಯಾರೂ ನನಗಿಂತ ವೇಗವಾಗಿ ಮಾತಾಡುತ್ತಿಲ್ಲ.

ಮಾರ್ಚ್ ೨೩

ಕಾರ್ಯಗುಂಪಿನ ಮೊದಲ ಸಭೆ, ಫೋನಿನ ವಿಡಿಯೊದಲ್ಲೇ. ಯಾನಿನಾ ಮೂವತ್ತನಾಲ್ಕರ ಚುರುಕು ಹೆಂಗಸು. ಸಂಘಕ್ಕೆ ಸೇರಿ ಮೂರು ವರ್ಷ. ಎಬೆರ್ ಎಪ್ಪತ್ತೊಂದರ ಮೇಸ್ತ್ರಿ. ನಮಗೆಲ್ಲ ಗಾರೆ ಕಲಸಲು ಕಲಿಸಿದವನು.

"ಎಬೆರ್, ನಿಮ್ಮ ಹಣೆ ಮಾತ್ರ ಕಾಣ್ತಿದೆ."

"ನೋಡೋಕೆ ಯೋಗ್ಯವಾಗಿ ಉಳಿದಿರೋದು ಅದೊಂದೇ ತಾಯಿ."

ಕರಡು ನಿಯಮ: ಕೈ ಎತ್ತುವುದಕ್ಕೆ ಒಂದು ಗುಂಡಿ. ಮಾತಿಗೆ ಮೂರು ನಿಮಿಷ. ಸರದಿ ಬಂದವರದನ್ನು ಬಿಟ್ಟು ಉಳಿದವರ ಧ್ವನಿ ಮುಚ್ಚಿರತಕ್ಕದ್ದು. ಎಬೆರ್ ಅಲ್ಲಿ ತಡೆದ.

"ಎಲ್ಲರ ಬಾಯಿ ಮುಚ್ಚಿದ್ರೆ ಗೊಣಗೋದು ಎಲ್ಲಿಂದ?"

"ಗೊಣಗೋದು ಯಾಕೆ ಬೇಕು?" ಎಂದಳು ಯಾನಿನಾ.

"ಗೊಣಗಾಟ ಕೇಳಿಸಿದ್ರೆ ತಾನೇ ಅಧ್ಯಕ್ಷ ಮತಕ್ಕೆ ಹಾಕೋದಾ ಬೇಡ್ವಾ ಅಂತ ತೀರ್ಮಾನ ಮಾಡೋದು? ಅದಕ್ಕೂ ಒಂದು ಗುಂಡಿ ಹಾಕು."

ಮೂವರೂ ನಕ್ಕೆವು. ಗುಂಡಿ ಹಾಕಲಿಲ್ಲ.

ಏಪ್ರಿಲ್ ೪

ಪ್ರಾಯೋಗಿಕ ಸಭೆ. ವಿಷಯ: ನೀರಿನ ತೊಟ್ಟಿಗೆ ಬಳಿಯುವ ಬಣ್ಣ. ನಿರುಪದ್ರವಿಯಾದ ವಿಷಯ ಬೇಕೆಂದು ನಾನೇ ಆರಿಸಿದ್ದು.

ಕೋರಂಗೆ ಇಪ್ಪತ್ತೆಂಟು ಜನ ಬೇಕು. ಮೂವತ್ತು ಜನ ಬಂದರು. ಹಸಿರೋ ಬಿಳಿಯೋ ಎನ್ನುವಷ್ಟರಲ್ಲಿ ಇಬ್ಬರ ಫೋನಿನ ಚಾರ್ಜು ಮುಗಿಯಿತು. ಒಬ್ಬನನ್ನು ಹೆಂಡತಿ ಕರೆದಳು. ಇಪ್ಪತ್ತೇಳು. ಅಧ್ಯಕ್ಷರು ಸಭೆ ನಿಲ್ಲಿಸಿದರು. ಒಬ್ಬ ಮರಳಿ ಬಂದ, ಮತ್ತೆ ಆರಂಭ. ಇನ್ನಿಬ್ಬರು ಹೋದರು. ಹೀಗೆ ಮೂರು ಸಲ. ಏಳೂಕಾಲಿಗೆ ಎಲ್ಲರಿಗೂ ಸುಸ್ತಾಗಿ ಸಭೆ ತಾನಾಗಿ ಕರಗಿತು.

ತೊಟ್ಟಿ ಹಾಗೆಯೇ ಇದೆ, ಸಿಮೆಂಟಿನ ಬಣ್ಣದಲ್ಲಿ.

ಏಪ್ರಿಲ್ ೭

ಕಲಮು ಏಳು ಸಿಕ್ಕಿತು. ಶೇವ್ ಮಾಡುತ್ತಿದ್ದಾಗ ಪೂರ್ತಿ ವಾಕ್ಯವಾಗಿಯೇ ಬಂತು: "ಸಭೆಯ ಆರಂಭದಲ್ಲಿ ಕಂಡುಬಂದ ಕೋರಂ ಸಭೆ ಮುಗಿಯುವವರೆಗೂ ಇದೆಯೆಂದೇ ಭಾವಿಸತಕ್ಕದ್ದು." ಅದರ ಬೆನ್ನಿಗೆ ಒಂಬತ್ತು: "ಬಿದ್ದ ಮತಗಳನ್ನು ಮಾತ್ರ ಎಣಿಸತಕ್ಕದ್ದು." ಯಾರ ಫೋನು ಸತ್ತರೂ ಸಭೆ ಸಾಯುವುದಿಲ್ಲ. ಇಷ್ಟು ಚೊಕ್ಕವಾದ ಎರಡು ವಾಕ್ಯಗಳನ್ನು ಸಂಸತ್ತಿನಲ್ಲಿ ಯಾವ ಮಂತ್ರಿಯ ಬಾಯಿಂದಲೂ ನಾನು ಬರೆದುಕೊಂಡಿಲ್ಲ.

ಯಾನಿನಾ, "ವಾಹ್, ಇದೇ ಬೇಕಾಗಿತ್ತು!" ಎಂದಳು. ಎಬೆರ್ ಸ್ವಲ್ಪ ಹೊತ್ತು ಹಣೆಯನ್ನಷ್ಟೇ ತೋರಿಸಿದ. ಆಮೇಲೆ:

"ನೀರು ಕಾಯಿಸೋಕೆ ಹೋಗೋದನ್ನ ಎಲ್ಲಿ ಹಾಕಿದೀಯ ದಾರ್ದೊ?"

"ಅದು ನಿಯಮ ಅಲ್ಲ."

"ನಿಯಮ ಅಲ್ಲ ಅಂತ್ಲೇ ಕಣಪ್ಪಾ ಅದು ಇಷ್ಟು ವರ್ಷ ಕೆಲಸ ಮಾಡಿರೋದು."

ಯಾನಿನಾ ಏನೆಂದು ಕೇಳಿದಳು. ಅಷ್ಟರಲ್ಲಿ ಎಬೆರ್‌ನ ಫೋನು ಕಡಿಯಿತು. ನಾನು ಮುಂದಿನ ಕಲಮಿಗೆ ಹೋದೆ.

ಇಲ್ಲಿ ಬರೆದಿಡಬಹುದು. ಮಂದಿರದ ಹಿಂದೆ ಒಂದು ಅಡುಗೆಮನೆ ಇದೆ. ಸಭೆಯಲ್ಲಿ ಮಾಟೆ ಎಲೆಯ ಕಷಾಯ ಹೀರುವ ಸೋರೆಬುರುಡೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ, ಎಲ್ಲರ ಕಂಕುಳಲ್ಲೂ ಬಿಸಿನೀರಿನ ಫ್ಲಾಸ್ಕು. ಯಾರನ್ನಾದರೂ ಸಂಘದಿಂದ ತೆಗೆಯುವ ಮಾತು ಮತಕ್ಕೆ ಬಂತೆನ್ನಿ: ಯಾರೋ ಒಬ್ಬರು ಫ್ಲಾಸ್ಕನ್ನು ಅಲ್ಲಾಡಿಸಿ, "ನೀರು ಮುಗೀತು, ಕಾಯಿಸ್ಕೊಂಡು ಬರ್ತೀನಿ" ಎಂದು ಏಳುತ್ತಾರೆ. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಇಡೀ ಒಂದು ಸಾಲು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅಧ್ಯಕ್ಷರು ಉಳಿದ ತಲೆಗಳನ್ನು ಎಣಿಸಿ, ನಿಟ್ಟುಸಿರು ಬಿಟ್ಟು, ಕೋರಂ ಇಲ್ಲ ಎನ್ನುತ್ತಾರೆ. ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಅಷ್ಟರಲ್ಲಿ ಆ ಮನುಷ್ಯ ತನ್ನನ್ನು ತಾನು ನೆಟ್ಟಗೆ ಮಾಡಿಕೊಂಡಿರುತ್ತಾನೆ. ನೆರೆಯವನ ವಿರುದ್ಧ ಕೈ ಎತ್ತುವುದು ಕಷ್ಟ. ಅವನ ಪರವಾಗಿ ಎತ್ತಿ ಇನ್ನೊಬ್ಬ ನೆರೆಯವನನ್ನು ಎದುರು ಹಾಕಿಕೊಳ್ಳುವುದು ಅದಕ್ಕಿಂತ ಕಷ್ಟ. ನೀರು ಕಾಯಿಸುವುದು ಸುಲಭ. ಇಪ್ಪತ್ತೆರಡು ವರ್ಷದಲ್ಲಿ ನಾವು ಯಾರನ್ನೂ ಹೊರಗೆ ಹಾಕಿಲ್ಲ.

ನಡಾವಳಿಯಲ್ಲಿ ಪ್ರತಿ ಸಲವೂ ನಾನೇ ಬರೆದಿರುವುದು: "ಕೋರಂ ಇಲ್ಲದ ಕಾರಣ ಮುಂದೂಡಲಾಯಿತು." ನೀರಿನ ಮಾತು ಒಂದು ಕಡೆಯೂ ಇಲ್ಲ. ನಿಯಮ ಹೊಂದಿಸುವವನು ಕಾಗದದ ಮೇಲೆ ಇದ್ದುದನ್ನು ತಾನೇ ಹೊಂದಿಸಬೇಕು.

ಮೇ ೨, ಭಾನುವಾರ

ನಿಯಮಾವಳಿ ಅಂಗೀಕಾರವಾಯಿತು. ಹಾಜರು ಮೂವತ್ತೊಂಬತ್ತು, ಮುಗಿಯುವಾಗ ಇದ್ದವರು ಹತ್ತೊಂಬತ್ತು, ಕಲಮು ಏಳರಂತೆ ಎಲ್ಲರೂ ಇದ್ದರು. ಹನ್ನೊಂದು ಪುಟಗಳನ್ನೂ ಎಲ್ಲರ ಫೋನಿಗೆ ಕಳಿಸಿದ್ದೆವು. ಪಕ್ಕದ ಬಡಾವಣೆಯ ಸಂಘದವರು ಒಂದು ಪ್ರತಿ ಕೇಳಿದ್ದಾರೆ.

ತೊಟ್ಟಿಗೆ ಬಿಳಿ ಬಣ್ಣ. ನಾಲ್ಕು ನಿಮಿಷದಲ್ಲಿ ತೀರ್ಮಾನ.

ಮೇ ೧೯

ಎಬೆರ್‌ನನ್ನು ಆಸ್ಪತ್ರೆಗೆ ಸೇರಿಸಿದರು. ಆಂಬುಲೆನ್ಸಿಗೆ ತಾನೇ ನಡೆದು ಹೋಗಿ ಹತ್ತಿದನಂತೆ. ಹತ್ತುವಾಗ ಮೆಟ್ಟಿಲು ಅಲ್ಲಾಡುತ್ತದೆ, ಸ್ಕ್ರೂ ಬಿಗಿ ಮಾಡಿ ಎಂದು ಚಾಲಕನಿಗೆ ಹೇಳಿದನಂತೆ.

ಜಿರೇನಿಯಂಗೆ ನೀರು ಹಾಕಿದೆ. ಮೊನ್ನೆ ತಪ್ಪಿತ್ತು.

ಮೇ ೩೦

ಎಬೆರ್ ಹೋದ. ಶವದ ಗಾಡಿ ನಮ್ಮ ಬೀದಿಯಲ್ಲಿ ನಿಧಾನವಾಗಿ ಹೋಯಿತು. ಎಲ್ಲರೂ ಬಾಗಿಲಲ್ಲಿ ನಿಂತು, ಬೀಳ್ಕೊಡುವ ವಾಡಿಕೆಯಂತೆ ಚಪ್ಪಾಳೆ ತಟ್ಟಿದೆವು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಚಪ್ಪಾಳೆ ಯಾವಾಗ ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

ಕಾರ್ಯಗುಂಪಿನಲ್ಲಿ ತೆರವಾದ ಸ್ಥಾನವನ್ನು ಹೇಗೆ ತುಂಬಬೇಕೆಂದು ನಾವು ಬರೆದಿಲ್ಲ. ಸೇರಿಸಬೇಕು.

ಜೂನ್ ೮

ಜುಲೈ ಸಭೆಯ ಕಾರ್ಯಸೂಚಿ ಬಂತು. ಐದನೆಯ ವಿಷಯ: ಮನೆ ೨೭.

ನಿಯಮ ಹಳೆಯದೇ. ಮನೆಗಳು ಯಾರ ಸ್ವಂತವೂ ಅಲ್ಲ, ಸಂಘದವು. ನಮಗಿರುವುದು ವಾಸದ ಹಕ್ಕು. ಲಿಖಿತ ಅನುಮತಿಯಿಲ್ಲದೆ ಆರು ತಿಂಗಳು ಮನೆ ಮುಚ್ಚಿಟ್ಟರೆ ಆ ಹಕ್ಕು ರದ್ದಾಗಬಹುದು. ಅದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು; ಈಗ ಕಲಮು ಒಂಬತ್ತರಂತೆ ಬಿದ್ದ ಮತದಲ್ಲಿ ಮಾತ್ರ. ಎಲ್ಬಿಯಾ ಹೋಗಿ ಎಂಟು ತಿಂಗಳಾಯಿತು. ಅನುಮತಿಯನ್ನು ಅವಳು ಕೇಳಿದ್ದು ಬೇಲಿಯ ಮೇಲಿಂದ, ಬಾಯಿಮಾತಿನಲ್ಲಿ.

ಯಾನಿನಾ ವಿಷಯ ತಂದವರಲ್ಲಿ ಒಬ್ಬಳು. ಅವಳಲ್ಲಿ ದ್ವೇಷವಿಲ್ಲ. "ಕಾಯೋ ಪಟ್ಟೀಲಿ ಮೊದಲನೇ ಹೆಸರು ಯೆಸಿಕಾ. ಮೂರು ಮಕ್ಳು, ಬಾಡಿಗೆ ಮನೇಲಿ ಒಂದೇ ಕೋಣೆ, ಇಡೀ ಮಹಡಿಗೆ ಒಂದೇ ಬಚ್ಚಲು. ಇಲ್ಲಿ ಒಂದು ಮನೆ ಬೀಗ ಹಾಕ್ಕೊಂಡು ಜಿರೇನಿಯಂ ಬೆಳೀತಿದೆ. ನೀವೇ ಹೇಳಿ ದಾರ್ದೊ, ಇದು ನ್ಯಾಯಾನಾ?"

ಅಲ್ಲ ಎಂದೆ. ನಿಜಕ್ಕೂ ಅಲ್ಲ.

ಜೂನ್ ೧೩

ಎಲ್ಬಿಯಾಗೆ ಫೋನು ಮಾಡಿದೆ. ಹಿಂದೆ ಅಕ್ಕನ ನರಳಾಟ ಕೇಳುತ್ತಿತ್ತು.

"ನೋಟೀಸು ಬಂತಾ?"

"ಬಂತು. ಹನ್ನೊಂದು ಪುಟದ ಇನ್ನೇನೋ ಒಂದು ಮೊದ್ಲೇ ಬಂದಿತ್ತು. ಯಾರು ಓದ್ತಾರೆ? ಅಕ್ಕಂಗೆ ಸಾರು ಕುಡಿಸೋದ್ರಲ್ಲೇ ಹೊತ್ತು ಮುಳುಗುತ್ತೆ. ಸೆಪ್ಟೆಂಬರಿಗೆ ಅವಳ ಮಗಳು ಬ್ರೆಜಿಲಿಂದ ಬರ್ತಾಳೆ, ಆ ದಿನಾನೇ ಬಸ್ಸು ಹತ್ತೀನಿ."

"ಮೂರು ನಿಮಿಷ ಮಾತಾಡೋಕೆ ಅವಕಾಶ ಇದೆ. ಮೊದ್ಲೇ ಬರೆದಿಟ್ಕೊ."

"ಬರೆಯೋದೇನು? ನಂಗೆ ಆ ಮನೆ ಬಿಟ್ರೆ ಬೇರೆ ಎಲ್ಲಿದೆ? ಎಲ್ರಿಗೂ ಗೊತ್ತು." ನಕ್ಕಳು. "ನೀನ್ಯಾಕೆ ಸತ್ತೋರ ಥರ ಮಾತಾಡ್ತಿದೀಯ? ಏನಾಗಲ್ಲ ಬಿಡೋ. ಜನ ನೀರಿಗೆ ಹೋಗ್ತಾರೆ."

ಕಲಮು ಏಳನ್ನು ಹೇಳಬಹುದಾಗಿತ್ತು. ಆದರೆ ನಾನು ಕಾರ್ಯದರ್ಶಿ. ಒಬ್ಬ ಸದಸ್ಯೆಗೆ ಮಾತ್ರ ನಿಯಮ ವಿವರಿಸಿದರೆ ಪಕ್ಷಪಾತವಾಗುತ್ತದೆ. ಹನ್ನೊಂದು ಪುಟವೂ ಅವಳ ಬಳಿ ಇದೆ.

ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ ಐದನೆಯ ವಿಷಯ ನಾನಾಗಿದ್ದೆ. ಹೆಂಡತಿ ಗ್ರಾಸಿಯೆಲಾ ಬಿಟ್ಟುಹೋದ ವರ್ಷ. ಆರು ತಿಂಗಳು ಸಭೆಗೆ ಹೋಗಲಿಲ್ಲ, ಸದಸ್ಯರೆಲ್ಲರಿಗೂ ಬರುವ ಕಾವಲಿನ ಸರದಿ ಮಾಡಲಿಲ್ಲ, ಕುಡಿದು ಮಂದಿರದ ಕಿಟಕಿಗೆ ಕಲ್ಲು ಹೊಡೆದೆ. ಅವತ್ತು ಕೊನೆಯ ಸಾಲಿನಲ್ಲಿ ನನ್ನ ಬೂಟುಗಳನ್ನು ನೋಡುತ್ತ ಕೂತಿದ್ದೆ. ಮೊದಲು ಕುರ್ಚಿ ಸರಿದ ಸದ್ದು ಎಲ್ಬಿಯಾಳದು. ಅವಳ ಫ್ಲಾಸ್ಕಿನಲ್ಲಿ ನೀರಿತ್ತು. ಅವಳು ನಡೆದುಹೋಗುವಾಗ ಕುಲುಕುವುದು ಕೇಳಿಸಿತು.

ಅದು ಹಳೆಯ ನಿಯಮಾವಳಿಯ ಕಾಲ.

ಜೂನ್ ೨೫

ಮತದಾನದ ಗುಂಡಿಯ ಪರೀಕ್ಷೆ ಮುಗಿಯಿತು. ಹೌದು, ಬೇಡ. ಐದು ನಿಮಿಷದ ಅವಧಿ. ಯಾನಿನಾ ಮತ್ತು ನಾನು ಹತ್ತು ಸಲ ಒತ್ತಿ ನೋಡಿದೆವು. ಲೋಪವಿಲ್ಲ.

ವಾಸದ ಹಕ್ಕು ರದ್ದಾದರೆ ಬೀಗದ ಕೈಗಳನ್ನು ನಲವತ್ತೈದು ದಿನದೊಳಗೆ ಒಪ್ಪಿಸತಕ್ಕದ್ದು ಎಂಬ ಉಪಕಲಮು ಸೇರಿಸಿದೆವು. ಮನೆ ೨೭ರ ಒಂದು ಬೀಗದ ಕೈ ನನ್ನ ಗೋಡೆಯ ಮೊಳೆಯಲ್ಲೇ ಇದೆ.

ಜುಲೈ ೪, ಭಾನುವಾರ

ಆರಂಭ ಐದು ಗಂಟೆ. ಹಾಜರು ನಲವತ್ತೆರಡು. ಕೋರಂ ಇದೆ.

ಐದನೆಯ ವಿಷಯ, ೫.೫೦ಕ್ಕೆ. ಮನೆ ೨೭ರ ಸದಸ್ಯೆ ಮಾತಾಡಿದರು: "ಎಲ್ರಿಗೂ ನಮಸ್ಕಾರ. ಯಾರ ಮುಖಾನೂ ಕಾಣ್ತಿಲ್ಲಪ್ಪ, ಬರೀ ಹೆಸರುಗಳು, ಸ್ಮಶಾನದ ಕಲ್ಲಿನ ಥರ. ಎಬೆರ್ ಹೆಸರು ಹುಡುಕ್ದೆ, ಆಮೇಲೆ ನೆನಪಾಯ್ತು. ನಾನೇನು ಊರು ಸುತ್ತೋಕೆ ಹೋಗಿಲ್ಲ. ನನ್ನ ಅಕ್ಕ…" ಅಲ್ಲಿಗೆ ಚಿತ್ರ ನಿಂತಿತು, ಬಾಯಿ ತೆರೆದಂತೆ. ಸಂಪರ್ಕ ಕಡಿದ ಅವಧಿಯೂ ಮಾತಿನ ಅವಧಿಯೊಳಗೇ ಸೇರತಕ್ಕದ್ದು, ಕಲಮು ಹನ್ನೊಂದು. ಮೂರು ನಿಮಿಷ ಮುಗಿಯಿತು.

ಸಂಬಂಧಪಟ್ಟ ಸದಸ್ಯೆಯನ್ನು ಬಿಟ್ಟು ಮತ ಹಾಕಬಹುದಾದವರು ನಲವತ್ತೊಂದು. ಹೌದು ಒಂಬತ್ತು, ಬೇಡ ನಾಲ್ಕು. ಒತ್ತದವರು ಇಪ್ಪತ್ತೆಂಟು. ಬಿದ್ದ ಮತ ಹದಿಮೂರು. ಹಕ್ಕು ರದ್ದು ಅಂಗೀಕಾರ.

ಮುಕ್ತಾಯ ೬.೪೦.

ಜುಲೈ ೫

ನಿದ್ದೆ ಬಂತು. ಅದೇ ಆಶ್ಚರ್ಯ.

ನಿನ್ನೆ ಒಂದು ವಿಷಯ ಬರೆಯಲಿಲ್ಲ. ಅಧ್ಯಕ್ಷರು "ಮತದಾನ ಆರಂಭ" ಎಂದಾಗ ಪರದೆಯ ಮೇಲೆ ಎರಡು ಗುಂಡಿಗಳು ಮೂಡಿದವು. ನಾನು ಫೋನನ್ನು ಮೇಜಿನ ಮೇಲಿಟ್ಟು ಎದ್ದೆ. ಯೋಚಿಸಿ ಎದ್ದೆನೆಂದು ಹೇಳಲಾರೆ. ಸೊಂಟ, ಮೊಣಕಾಲು ತಾವಾಗಿ ಎದ್ದವು. ಅಡುಗೆಮನೆಗೆ ಹೋಗಿ ಕೆಟಲಿಗೆ ನೀರು ತುಂಬಿ ಒಲೆಯ ಮೇಲಿಟ್ಟೆ. ಫ್ಲಾಸ್ಕಿನಲ್ಲಿ ನೀರಿತ್ತು.

ಒಲೆಯ ಮುಂದೆ ನಿಂತಿದ್ದಾಗ ಇಪ್ಪತ್ತೈದರ ಕಡೆಯ ಗೋಡೆಯಾಚೆ ನಲ್ಲಿ ತಿರುಗಿದ ಸದ್ದು. ಸ್ವಲ್ಪ ಹೊತ್ತಿಗೆ ಅಲ್ಲಿ ಕೆಟಲು ಸುಯ್ಯೆಂದಿತು. ಅದರಾಚೆ ಇನ್ನೊಂದು. ಹಿಂದಿನ ಸಾಲಿನಿಂದ ಇನ್ನೊಂದು. ನಮ್ಮ ಗೋಡೆಗಳು ತೆಳು. ಮಾಟೆಗೆ ನೀರು ಕುದಿಯಬಾರದು. ಸಿಳ್ಳೆ ಹಾಕುವ ಮೊದಲೇ ಇಳಿಸಬೇಕು. ನಿನ್ನೆ ಯಾರೂ ಇಳಿಸಲಿಲ್ಲ. ಸಾಲು ಸಾಲಾಗಿ ಕೆಟಲುಗಳು ಸಿಳ್ಳೆ ಹಾಕಿದವು; ಇಡೀ ಬಡಾವಣೆ ಮಂದಿರದ ಅಡುಗೆಮನೆಯಾದಂತೆ. ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಸಾಕಷ್ಟು ಜನ ಎದ್ದಿದ್ದಾರೆ, ಕೋರಂ ಮುರಿಯಿತು ಎಂದುಕೊಂಡೆ. ನಾನೇ ಬರೆದ ಕಲಮು ಆ ಗಳಿಗೆಯಲ್ಲಿ ನನಗೇ ನೆನಪಿರಲಿಲ್ಲ.

ಇಪ್ಪತ್ತೇಳರ ಕಡೆಯ ಗೋಡೆ ಮಾತ್ರ ಸುಮ್ಮನಿತ್ತು.

ಮರಳಿ ಬಂದಾಗ ಫಲಿತಾಂಶ ಪರದೆಯ ಮೇಲಿತ್ತು. ಓದಬೇಕಾದವನು ಕಾರ್ಯದರ್ಶಿ. ಓದಿದೆ. ಧ್ವನಿ ಸರಿಯಾಗಿಯೇ ಇತ್ತು.

ಈಗ ಬೆಳಿಗ್ಗೆ ಇನ್ನೊಮ್ಮೆ ನೋಡಿದೆ. ಬೇಡ ಎಂಬ ಇನ್ನೊಂದೇ ಒಂದು ಮತ ಬಿದ್ದಿದ್ದರೆ ಹದಿನಾಲ್ಕರಲ್ಲಿ ಒಂಬತ್ತು. ಮೂರರಲ್ಲಿ ಎರಡು ಪಾಲಿಗೆ ಸಾಲುತ್ತಿರಲಿಲ್ಲ. ಇನ್ನೊಂದು ಮತ. ಇದನ್ನು ನಡಾವಳಿಯಲ್ಲಿ ಹೇಳುವ ಅಗತ್ಯವಿಲ್ಲ.

ಜುಲೈ ೬

ಹನ್ನೆರಡನೆಯ ಮನೆಯ ಸುಲ್ಮಾ ಬೇಲಿಯ ಹತ್ತಿರ ನಿಂತು ಕೂಗಿದಳು. ಮಾಸ್ಕು ಗದ್ದದ ಮೇಲಿತ್ತು.

"ಏಯ್ ಪಾರ್ಲಿಮೆಂಟು! ಅದೇನೋ ಅದು? ನಾವೆಲ್ಲ ಎದ್ದು ಹೋದ್ವಲ್ಲ!"

"ಎದ್ದು ಹೋದರೂ ಹಾಜರಿದ್ದಂತೆಯೇ ಲೆಕ್ಕ. ಕಲಮು ಏಳು."

"ನಿನ್ನ ಕಲಮಿಗೆ ಬೆಂಕಿ ಹಾಕ! ನಾನು ಅಡುಗೆಮನೇಲಿದ್ದೆ ಅಂತೀನಿ, ಸಭೇಲೇ ಇದ್ದೆ ಅಂತೀಯಲ್ಲೋ!"

"ಬೇಡ ಎಂದು ಒತ್ತಬಹುದಾಗಿತ್ತು."

"ಒತ್ತಬಹುದಾಗಿತ್ತು! ನಮ್ಮಲ್ಲಿ ಯಾವತ್ತು ಯಾರು ಒತ್ತಿದಾರೆ? ನೀರಿಗೆ ಹೋದ್ರೆ ಮುಗೀತಲ್ವಾ? ನಿಂಗೆ ಗೊತ್ತಿಲ್ವಾ? ನಿಂಗೆ?" ಅವಳು ಅಳುತ್ತಿದ್ದಳು. "ಎಲ್ಬಿಯಾನೇ ಹೋದ್ಮೇಲೆ ಇನ್ನು ಈ ಸಂಘಕ್ಕೆ ನಾನ್ಯಾಕೆ ಕಾವಲು ಕಾಯ್ಲಿ? ನೀನೇ ಕಾಯ್ಕೋ ಹೋಗು."

ಹೀಗೆ ಕೇಳಿದವರು ಈವರೆಗೆ ಹದಿನಾಲ್ಕು ಜನ. ಎಲ್ಲರಿಗೂ ಪುಟ ನಾಲ್ಕು ನೋಡಿ ಎಂದಿದ್ದೇನೆ.

ಜುಲೈ ೧೦

ಪುನರ್‌ಪರಿಶೀಲನೆಗೆ ದಾರಿ ಇದೆ: ಕಲಮು ಹದಿನಾಲ್ಕು. ಆದರೆ ಗೆದ್ದ ಪಕ್ಷಕ್ಕೆ ಮತ ಹಾಕಿದವರೇ ಅದನ್ನು ಸೂಚಿಸತಕ್ಕದ್ದು. ಸೋತವರು ದಿನಕ್ಕೊಂದು ಸಲ ಅದೇ ವಿಷಯ ಎತ್ತದಂತೆ ಇಟ್ಟ ತಡೆ. ಎಲ್ಲ ಕಡೆಯೂ ಇರುವಂಥದ್ದು. ಅಂದರೆ ಆ ಒಂಬತ್ತರಲ್ಲಿ ಒಬ್ಬರು. ಯಾನಿನಾಳ ಬಾಗಿಲಿಗೆ ಹೋದೆ.

"ನೀವು ಏನು ಒತ್ತಿದ್ರಿ ದಾರ್ದೊ?"

"ಒತ್ತಲಿಲ್ಲ. ನೀರು ಕಾಯಿಸೋಕೆ ಹೋಗಿದ್ದೆ."

"ಏನು?"

ನೀರಿನ ವಿಷಯ ಪೂರ್ತಿ ಹೇಳಿದೆ. ಹೇಳುವಾಗ ಅದು ಎಷ್ಟು ಹುಡುಗಾಟದ ಹಾಗೆ ಕೇಳಿಸಿತು! ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮೂರು ವರ್ಷದಿಂದ ಇಲ್ಲಿದೀನಿ, ಒಬ್ರೂ ಹೇಳ್ಲಿಲ್ಲ. ನಾನು ಅವತ್ತು ಕೇಳ್ದೆ, ನೀವು ಮುಂದಿನ ಕಲಮಿಗೆ ಹೋದ್ರಿ. ನಿಯಮದಲ್ಲಿ ಇದ್ದಿದ್ರೆ ಓದ್ತಿದ್ದೆ. ನಾನು ಎಲ್ಲಾನೂ ಓದ್ತೀನಿ." ಚೌಕಟ್ಟಿನಿಂದ ಕೈ ತೆಗೆದು, "ಇಪ್ಪತ್ತೆಂಟು ಜನಕ್ಕೆ ಬೇಡ ಅಂತಿತ್ತು ಅನ್ನೋದು ನಂಗೆ ಗೊತ್ತಾಗಿದ್ರೆ…" ಎಂದಳು. ಆಮೇಲೆ, "ಯೆಸಿಕಾಗೆ ಆವತ್ತೇ ತಿಳಿಸಿಯಾಯ್ತು. ನಿನ್ನೆ ಮಕ್ಳನ್ನ ಕರ್ಕೊಂಡು ಬಂದು ಬಾಗ್ಲು ತೋರಿಸ್ಕೊಂಡು ಹೋದ್ಲು. ಕಿರಿಯವಳು ಬಾಗಿಲಿಗೆ ಮುತ್ತು ಕೊಟ್ಲು. ಈಗ ನಾನು ಯಾರಿಗೆ ಏನು ಅಂತ ಹೇಳ್ಲಿ?"

ಕಾರ್ಯವಿಧಾನ ಸರಿಯಾಗಿಯೇ ಇದೆ ಎಂದು ಹೇಳಿ ಬಂದೆ.

ಆಗಸ್ಟ್ ೧೪

ಹಾಲು, ಮಾಟೆ ಎಲೆ ತರತಕ್ಕದ್ದು. ಶರ್ಟಿನ ಗುಂಡಿ ಹಾಕಿಸತಕ್ಕದ್ದು. ಮನೆ ೨೭ರ ಬೀಗದ ಕೈ ಮಂಡಳಿಗೆ ಒಪ್ಪಿಸಿ ರಸೀದಿ ಪಡೆದೆ. ಕುಂಡಗಳಲ್ಲಿ ಇದ್ದುದು ಒಣಗಿತ್ತು, ತೆಗೆದು ಹಾಕಿದೆ. ಕುಂಡಗಳು ಸುಸ್ಥಿತಿಯಲ್ಲಿವೆ.

ಇನ್ನೂ ಮೂರು ಸಂಘಗಳು ನಿಯಮಾವಳಿಯ ಪ್ರತಿ ಕೇಳಿವೆ.

ಸೆಪ್ಟೆಂಬರ್ ೧೧

ಮನೆ ೨೭ರ ಮಾಜಿ ಸದಸ್ಯೆ ಸಾಮಾನು ಒಯ್ಯಲು ಬಂದಿದ್ದರು. ಬಾಡಿಗೆಯ ಸಣ್ಣ ಲಾರಿ. ಮಂಚ, ಹೊಲಿಗೆ ಯಂತ್ರ, ನಾಲ್ಕು ಪೆಟ್ಟಿಗೆ. ಬಹಳ ತೆಳ್ಳಗಾಗಿದ್ದಾರೆ. ಅಕ್ಕ ಆಗಸ್ಟಿನಲ್ಲಿ ತೀರಿಕೊಂಡರಂತೆ. ಈಗ ಆರ್ತೀಗಸ್‌ನಲ್ಲಿ ಅಕ್ಕನ ಮನೆ ಅಕ್ಕನ ಮಗಳದು; ಇವರಿಗೆ ಅದರ ಹಿಂದಿನ ಕೋಣೆ.

ಸಾಮಾನು ಏರಿಸುತ್ತಿದ್ದಾಗ ನನ್ನ ಬಾಗಿಲು ತಟ್ಟಿದರು.

"ಬನ್ನಿ, ಕೂತ್ಕೊಳ್ಳಿ," ಎಂದೆ.

"ಯಾವಾಗಿಂದ ನಾನು ‘ಬನ್ನಿ’ ಆದೆ?" ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ನಿಂತರು. "ನನ್ನ ಜಿರೇನಿಯಂ?"

"ಒಣಗಿದವು."

"ಜಿರೇನಿಯಂನ ಒಣಗಿಸೋದು ಅಷ್ಟು ಸುಲಭ ಅಲ್ಲ ಕಣೋ," ಎಂದರು. ಆಕ್ಷೇ‍ಪಣೆಯ ಧ್ವನಿಯಲ್ಲ, ತಿಳಿಸಿಕೊಡುವಂತೆ. "ಅದಿರ್ಲಿ. ಎಷ್ಟು ಜನ ಎದ್ರು, ಹೇಳು."

"ಎದ್ದರು ಅಂತ ಹೇಳೋಕೆ ಬರಲ್ಲ. ಒತ್ತದವರು ಇಪ್ಪತ್ತೆಂಟು."

"ಇಪ್ಪತ್ತೆಂಟು!" ಮಾಸ್ಕಿನ ಮೇಲೆ ಕಣ್ಣುಗಳು ಅರಳಿದವು. "ನಿನ್ನ ಸಲ ಎದ್ದಿದ್ದು ಇಪ್ಪತ್ತಾರು ಅಲ್ವಾ? ನಾನೇ ಎಣಿಸಿದ್ದೆ ಅಡುಗೆಮನೇಲಿ, ನಿಲ್ಲೋಕೆ ಜಾಗ ಇರ್ಲಿಲ್ಲ. ನೋಡು, ನಿನಗಿಂತ ಇಬ್ರು ಜಾಸ್ತಿ ನಂಗೆ." ಸ್ವಲ್ಪ ಹೊತ್ತು ಅದನ್ನೇ ಅನುಭವಿಸಿದರು. ಆಮೇಲೆ ಹುಬ್ಬು ಗಂಟಾಯಿತು. "ಅಷ್ಟು ಜನ ಎದ್ಮೇಲೆ ಕೋರಂ ಹೇಗೆ ಉಳೀತು?"

ಕಲಮು ಏಳನ್ನು ಹೇಳಿದೆ. ಪದಶಃ.

"ಯಾರು ಬರೆದಿದ್ದು ಅದನ್ನ?"

"ಕಾರ್ಯಗುಂಪು."

"ಎಬೆರ್ ಇದ್ನಲ್ವಾ ಅದ್ರಲ್ಲಿ?"

"ಇದ್ದ."

"ಎಬೆರ್ ಇಂಥದ್ದು ಬರೆಯೋನಲ್ಲ." ನನ್ನ ಮುಖವನ್ನೇ ನೋಡುತ್ತಿದ್ದರು. ಲಾರಿಯವನು ಹಾರ್ನ್ ಹೊಡೆದ. "ನೀನು? ನೀನು ಎದ್ಯಾ?"

"ಎದ್ದೆ."

"ನಂಗೆ ಗೊತ್ತಿತ್ತು," ಎಂದು ನನ್ನ ಕೈ ಹಿಡಿದು ಎರಡು ಸಲ ಒತ್ತಿದರು. "ಗೊತ್ತಿತ್ತು ಬಿಡು. ಅಷ್ಟು ಸಾಕು."

ಲಾರಿ ಹೋದ ಮೇಲೆ ಕೈ ತೊಳೆದೆ. ಈಗೆಲ್ಲ ಯಾರನ್ನು ಮುಟ್ಟಿದರೂ ತೊಳೆಯಬೇಕು.

ಸೆಪ್ಟೆಂಬರ್ ೨೬

ಯೆಸಿಕಾ ಸಂಸಾರ ಬಂತು. ಗೋಡೆಯಾಚೆ ಮಕ್ಕಳ ಓಡಾಟ. ಮೊಳೆ ಹೊಡೆಯುತ್ತಿದ್ದಾರೆ, ಗೋಡೆ ಸೊಟ್ಟಗಿರುವುದರಿಂದ ಚಿತ್ರಪಟ ನೇರ ನಿಲ್ಲುವುದಿಲ್ಲ. ಯಾರು ಕಟ್ಟಿದ್ದು ಇದನ್ನು ಎಂದು ಅವಳ ಗಂಡ ಬೈಯುವುದು ಸ್ಪಷ್ಟವಾಗಿ ಕೇಳಿಸಿತು.

ಅಕ್ಟೋಬರ್ ೧೭, ಭಾನುವಾರ

ಸಭಾಮಂದಿರದ ಬೀಗ ತೆಗೆದರು. ಒಂದೂವರೆ ಕುರ್ಚಿಯ ಅಂತರದಲ್ಲಿ ನಲವತ್ತಾರು ಜನ. ಬೂಷ್ಟಿನ ವಾಸನೆ ಇತ್ತು, ಕಿಟಕಿಗಳನ್ನು ತೆರೆದೆವು. ಎಬೆರ್‌ಗೆ ಒಂದು ನಿಮಿಷ ಮೌನ.

ಅಡುಗೆಮನೆಗೆ ಇನ್ನೂ ಬೀಗ ಇದೆ, ಒಂದೇ ಒಲೆಯ ಸುತ್ತ ಜನ ಸೇರಬಾರದೆಂದು. ಯಾರಿಗೂ ತೊಂದರೆಯಾಗಲಿಲ್ಲ. ಎಲ್ಲರೂ ಮನೆಯಲ್ಲೇ ನೀರು ಕಾಯಿಸಿ, ಫ್ಲಾಸ್ಕು ತುಂಬಿಸಿಕೊಂಡು, ಅವರವರ ಬುರುಡೆ ಅವರವರೇ ಹಿಡಿದು ಬಂದಿದ್ದರು. ಬುರುಡೆ ಕೈಯಿಂದ ಕೈಗೆ ಹೋಗದ ಕಾರಣ ಸಭೆ ಬೇಗ ಸಾಗುತ್ತದೆ.

ಎರಡನೆಯ ವಿಷಯ: ಹೊಸ ನಿಯಮಾವಳಿಯನ್ನು ಮಂದಿರದ ಸಭೆಗೂ ಅನ್ವಯಿಸುವುದು. ಅಡ್ಡಿ ಇದೆಯೇ ಎಂದು ಅಧ್ಯಕ್ಷರು ಕೇಳಿದರು. ಗೊಣಗಾಟ ಕೇಳಿಸಲಿಲ್ಲ. ಅಂಗೀಕಾರ.

ಮೂರನೆಯ ವಿಷಯ: ಮನೆ ೧೨. ಜುಲೈಯಿಂದ ಕಾವಲಿನ ಸರದಿಗೆ ಬಂದಿಲ್ಲ, ಮಂಡಳಿಯ ಸದಸ್ಯರನ್ನು ಬೀದಿಯಲ್ಲಿ ನಿಂದಿಸಿದ್ದಾರೆ. ಹಕ್ಕು ರದ್ದಿಗೆ ಸೂಚನೆ, ಅನುಮೋದನೆ ಆಯಿತು. ಮನೆ ೧೨ರ ಸದಸ್ಯೆ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು, ತಮ್ಮ ಬೂಟುಗಳನ್ನು ನೋಡುತ್ತ.

"ಮತಕ್ಕೆ ಹಾಕ್ತಿದ್ದೇನೆ," ಎಂದರು ಅಧ್ಯಕ್ಷರು.

ಯಾರೂ ಏಳಲಿಲ್ಲ. ನಾಲ್ಕೈದು ಜನ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು, ಆಮೇಲೆ ನನ್ನ ಕಡೆ. ನನ್ನ ಕಡೆ ಏಕೆಂದು ತಿಳಿಯದು. ಯಾನಿನಾ ಕೂಡ ನೋಡುತ್ತಿದ್ದಳು. ಅವಳ ಫ್ಲಾಸ್ಕು ಮಡಿಲಲ್ಲಿತ್ತು, ಎರಡು ಕೈಯಿಂದಲೂ ಹಿಡಿದಿದ್ದಳು, ಯಾರಾದರೂ ಮೊದಲು ಎದ್ದರೆ ತಾನೂ ಏಳುವವಳಂತೆ.

ಕಾಲ ಬಳಿ ಇದ್ದ ನನ್ನ ಫ್ಲಾಸ್ಕನ್ನು ಎತ್ತಿ ಅಲ್ಲಾಡಿಸಿ ನೋಡಿದೆ. ತುಂಬಿತ್ತು. ಕೆಳಗಿಟ್ಟು ಪೆನ್ನು ತೆಗೆದುಕೊಂಡೆ.